ಹತ್ತನೆಯ ಹೆಸರು

"ತೆಗೀರಿ ಅದನ್ನ. ಈ ಸುಕ್ಕು ಬಟ್ಟೆ ಹೊದಿಸಿದ್ರೆ ಅಕ್ಕ ಎದ್ದು ಬಂದು ನಮ್ಮ ಜನ್ಮ ಜಾಲಾಡ್ತಾಳೆ," ಎನ್ನುತ್ತಾ, ಎಲ್ಲರೂ ಮೆಣಸಿನಕಾಯಿ ಎಂದು ಕರೆಯುವ ಹೆಂಗಸು ಹೆಣದ ಮೇಲಿನ ಬಿಳಿ ಚಾದರವನ್ನು ಎಳೆದುಕೊಂಡೇಬಿಟ್ಟಳು.

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಹಾಕಿದ ಅಕ್ಕನಿಗೆ ಸುಕ್ಕು ಬಟ್ಟೆಯೇ? ಅಡುಗೆಮನೆಯ ಮೇಜಿನ ಮೇಲೆ ಕಂಬಳಿ ಹಾಸಿ, ಮೆಣಸಿನಕಾಯಿ ಎಡಗೈಯಲ್ಲೇ ಇಸ್ತ್ರಿ ಒತ್ತಿದಳು. ಬಲಗೈಯ ಮೂರು ಬೆರಳು ಮಡಚಲು ಬರುತ್ತಿರಲಿಲ್ಲ. ಲಾಂಡ್ರಿಯವರು ಆ ಹೆಸರಿಟ್ಟಿದ್ದು ಅವಳ ಬಾಯಿಯ ಖಾರಕ್ಕೆ.

ಇಸ್ತ್ರಿ ಅಕ್ಕ ನಿನ್ನೆ ಬೆಳಿಗ್ಗೆ ಚಹಾ ಲೋಟ ಹಿಡಿದು ಕೂತಲ್ಲೇ ಹೋಗಿಬಿಟ್ಟಿದ್ದಳು. ಐವತ್ತೆರಡು ಸಾಯುವ ವಯಸ್ಸೇ? ಅವಳ ಗಂಡ, ಎಲ್ಲರ ಬಾಯಲ್ಲೂ ಭಾವ, ಬಂದವರಿಗೆಲ್ಲ ಅದನ್ನೇ ಕೇಳುತ್ತಿದ್ದ. ಬುಧವಾರದ ಪಾಠಕ್ಕೆ ಹೊಸ ಪುಸ್ತಕ ತಂದಿಟ್ಟಿದ್ದಳು ಅನ್ನುತ್ತಿದ್ದ.

*

ಎರಡು ವರ್ಷದ ಹಿಂದೆ ಹೊಸ ಇಸ್ತ್ರಿ ಯಂತ್ರ ಬಂತು. ಆಳೆತ್ತರದ ಬಿಸಿ ಉರುಳೆ, ಪಕ್ಕದಲ್ಲಿ ಹದಿನಾಲ್ಕು ಗುಂಡಿ. ಅದನ್ನು ತಂದವನು ಹತ್ತು ನಿಮಿಷ ಏನೋ ಒದರಿ ಹೋದ. ಅವನ ಹಿಂದೆಯೇ ಮೇಸ್ತ್ರಿ, ತರಬೇತಿ ಆಯಿತು ಎಂದು ಸಹಿ ಹಾಕುವ ಪುಸ್ತಕ ಹಿಡಿದು ಬಂದ. ಸುಮ್ಮನೆ ಸಹಿ ಹಾಕ್ರಮ್ಮ, ಬಟ್ಟೆ ರಾಶಿ ಬಿದ್ದಿದೆ ಅಂದ. ಎಲ್ಲರೂ ಹಾಕಿದರು. ಅಕ್ಕನೂ ಹಾಕಿದಳು.

ಹನ್ನೊಂದನೆಯ ದಿನ ಚಾದರದ ಜೊತೆಗೆ ಮೆಣಸಿನಕಾಯಿಯ ಕೈಯೂ ಉರುಳೆಯೊಳಗೆ ಹೋಯಿತು. ನಿಲ್ಲಿಸುವ ಗುಂಡಿ ಯಾವುದೆಂದು ಅಲ್ಲಿದ್ದ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಕೊನೆಗೆ ಅಕ್ಕ ಓಡಿಹೋಗಿ ಇಡೀ ಲಾಂಡ್ರಿಯ ಕರೆಂಟೇ ತೆಗೆದಳು.

ವಿಚಾರಣೆಯಲ್ಲಿ ಮ್ಯಾನೇಜರ್ ಆ ಪುಸ್ತಕ ತೆರೆದು ಸಹಿ ತೋರಿಸಿದ. ಕಲಿತವಳೇ ಮೈಮರೆತರೆ ಕಂಪನಿ ಏನು ಮಾಡಬೇಕು ಎಂದು ಕೇಳಿದ. ಎಂಥ ನ್ಯಾಯ ನೋಡಿ. ಗಾಯ ಮಾಯುವ ಮೊದಲೇ ಅವಳನ್ನು ಯಂತ್ರದಿಂದ ತೆಗೆದು, ರಕ್ತ ಕೀವು ಮೆತ್ತಿದ ಬಟ್ಟೆ ಬೇರ್ಪಡಿಸಲು ಹಾಕಿದರು. ಪುನಃ ತರಬೇತಿ ಆಗದೆ ಯಂತ್ರ ಮುಟ್ಟುವಂತಿಲ್ಲ ಎಂದರು. ತರಬೇತಿಯನ್ನಂತೂ ಕೊಡಲಿಲ್ಲ.

ಅಕ್ಕ ಕಾರ್ಮಿಕ ಸಂಘದ ಕಚೇರಿಗೆ ಹೋಗಿ ಕೂತಳು. "ದುಡಿಸ್ಕೊಳ್ಳೋಕೆ ಬರುತ್ತೆ, ಕಲಿಸೋಕೆ ಬರಲ್ವಾ ಇವರಿಗೆ? ನಾನೂ ಸಹಿ ಹಾಕಿದೀನಿ. ಆ ಸಹಿ ಸುಳ್ಳು ಅಂತ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ," ಅಂದಳು.

ಅರ್ಜಿ, ಮಾತುಕತೆ, ಗೇಟಿನ ಮುಂದೆ ಕೂರುವುದು ಎಂದು ಒಂದೂವರೆ ವರ್ಷ ಚಪ್ಪಲಿ ಸವೆದ ಮೇಲೆ ಸಂಘಕ್ಕೂ ಕಂಪನಿಗೂ ಒಪ್ಪಂದವಾಯಿತು. ಬುಧವಾರ ಎರಡು ಗಂಟೆ, ಕೆಲಸದ ಹೊತ್ತಿನಲ್ಲೇ, ಯಂತ್ರ ಬಲ್ಲವರಿಂದ ಪಾಠ. ಮೂರು ತಿಂಗಳು ಮುಗಿಸಿದವರಿಗೆ ಯಂತ್ರದ ಕೆಲಸ. ಮ್ಯಾನೇಜರ್ ಒಂದು ಕೊಕ್ಕೆ ಇಟ್ಟ: ಹತ್ತು ಜನಕ್ಕಿಂತ ಕಡಿಮೆಯಾದರೆ ಪಾಠ ಬಂದ್. ಹೆಸರು ಕೊಟ್ಟವರಿಗೆ ಮರುದಿನವೇ ಕಷ್ಟದ ಪಾಳಿ ಬೀಳುತ್ತಿತ್ತು. ಆದರೂ ಅಕ್ಕ ಕಾಡಿ ಬೇಡಿ ಹತ್ತು ಜನರನ್ನು ಕೂಡಿಸಿದಳು. ಒಂದನೆಯ ಹೆಸರು ಅವಳದು, ಎರಡನೆಯದು ಮೆಣಸಿನಕಾಯಿಯದು. ಬರುವ ಬುಧವಾರ ಪಾಠ ಶುರುವಾಗಬೇಕಿತ್ತು.

*

ಹನ್ನೊಂದು ಗಂಟೆಗೆ ಮ್ಯಾನೇಜರ್ ಹೂವಿನ ಹಾರ ಹಿಡಿದು ಬಂದ. ಹಾರ ಇಟ್ಟು, ಕಂಪನಿ ಒಂದು ಪಳಗಿದ ಕೈ ಕಳೆದುಕೊಂಡಿತು ಎಂದು ಭಾವನಿಗೆ ಹೇಳಿದ. ಭಾವ ಅವನ ಮುಖವನ್ನೂ ನೋಡಲಿಲ್ಲ.

ಅಷ್ಟಕ್ಕೇ ಹೋಗಬಹುದಿತ್ತು. ಹೋಗಲಿಲ್ಲ ಪುಣ್ಯಾತ್ಮ. ಅಂಗಳದಲ್ಲಿದ್ದ ಸಂಘದ ಕಾರ್ಯದರ್ಶಿಯ ಹತ್ತಿರ ಬಂದು ದನಿ ತಗ್ಗಿಸಿದ. "ಈಗ ಒಂಬತ್ತೇ ಜನ ಆಯ್ತಲ್ಲ. ಬುಧವಾರ ಪಾಠ ಇರಲ್ಲ. ಬೇಜಾರು ಮಾಡ್ಕೋಬೇಡಿ, ಒಪ್ಪಂದ ಅಂದ್ಮೇಲೆ ಒಪ್ಪಂದ."

ಹೆಣ ಇನ್ನೂ ಮನೆಯಲ್ಲೇ ಇತ್ತು. ಮನುಷ್ಯನಾದವನು ಆಡುವ ಮಾತೇ ಇದು?

ಬಾಗಿಲಲ್ಲಿದ್ದ ಮೆಣಸಿನಕಾಯಿಗೆ ಕೇಳಿಸಿತು. ಪಾಠ ನಿಂತರೆ ಅವಳು ಸಾಯುವತನಕ ಆ ಕೊಳೆ ಬಟ್ಟೆಗಳ ನಡುವೆಯೇ. ಅವಳು ಅಂಗಳಕ್ಕಿಳಿದು, ಹತ್ತನೆಯವರು ಯಾರಾದರೂ ಬರುತ್ತೀರಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಲಾಂಡ್ರಿಯ ಐವತ್ತು ಅರವತ್ತು ಜನರಿದ್ದರು. ಒಬ್ಬೊಬ್ಬರೂ ನೆಲ ನೋಡಿದರು. ಎಲ್ಲರಿಗೂ ಮಕ್ಕಳುಮರಿ, ಎಲ್ಲರಿಗೂ ಪಾಳಿಯ ಭಯ.

"ನನ್ನ ಹೆಸರು ಬರ್ಕೊಳ್ಳಿ," ಎಂದಿತು ಹಿಂದಿನಿಂದ ಒಂದು ದನಿ. ತಿರುಗಿದರೆ ಮೇಸ್ತ್ರಿ.

ಮ್ಯಾನೇಜರ್ ನಕ್ಕ. "ಏನ್ರೀ, ನೀವು ಮೇಸ್ತ್ರಿ. ನಿಮಗೆ ಯಂತ್ರ ಗೊತ್ತಿಲ್ವಾ?"

"ಇಲ್ಲ ಸಾರ್. ನನಗೂ ಯಾರೂ ಕಲಿಸಿಲ್ಲ. ಕಲಿಸಿದೀವಿ ಅಂತ ಎಲ್ಲರ ಕೈಲಿ ಸುಳ್ಳು ಸಹಿ ಹಾಕಿಸಿದ್ದು ನಾನೇ. ಹಾಕಿಸು ಅಂದಿದ್ದು ನೀವು." ಅವನು ಒಂದು ಹೆಜ್ಜೆ ಮುಂದೆ ಬಂದ. "ವಿಚಾರಣೇಲಿ ಬಾಯಿ ಮುಚ್ಕೊಂಡಿದ್ದೆ. ಈಗ ಹೇಳ್ತೀನಿ, ಎಲ್ಲಿ ಬೇಕಾದ್ರೂ."

ಕಾರ್ಯದರ್ಶಿ ಜೇಬಿನಿಂದ ಪಟ್ಟಿ ತೆಗೆದ. ಮೆಣಸಿನಕಾಯಿ ಮೇಸ್ತ್ರಿಯನ್ನು ಕ್ಷಮಿಸಲಿಲ್ಲ, ಅವಳಿಂದ ಅದು ಆಗುವ ಮಾತಲ್ಲ. ಪೆನ್ನು ಮಾತ್ರ ಕೊಟ್ಟಳು. ಅವನು ಬರೆದ ಮೇಲೆ ಬಟ್ಟೆ ಮಡಚುವ ಇಬ್ಬರು ಹೆಂಗಸರೂ ಬಂದು ಪೆನ್ನಿಗೆ ಕೈಚಾಚಿದರು.

ಅಷ್ಟರಲ್ಲಿ ಶವದ ಗಾಡಿ ಬಂತು. ಕಿರಿದಾದ ಗಲ್ಲಿ, ಮನೆಯ ಮುಂದೆಯೇ ಮ್ಯಾನೇಜರನ ಕಾರು. ಅದು ಹೊರಗೆ ಬಾರದೆ ಗಾಡಿ ಒಳಗೆ ಬರುವಂತಿರಲಿಲ್ಲ. ಅವನು ಕಾರು ಹತ್ತಿ ಹಿಂದಕ್ಕೆ ಬಿಡತೊಡಗಿದ. ಒಮ್ಮೆ ಚರಂಡಿಯ ಕಡೆ, ಒಮ್ಮೆ ಗೋಡೆಯ ಕಡೆ, ಕಿಟಕಿಯಿಂದ ಕತ್ತು ಹೊರಹಾಕಿ ಬೆವರುತ್ತಿದ್ದ. ಗಲ್ಲಿಯ ಎರಡೂ ಬದಿಗೆ ಲಾಂಡ್ರಿಯ ಹೆಂಗಸರು ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದರು. ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ ಎಂದು ಒಬ್ಬರೂ ಹೇಳಲಿಲ್ಲ.