ಇದು ಸರ್ವೆ ಗಿಡವಲ್ಲ

ಹರಿಹರದ ನಮ್ಮ ಮನೆಯಂಗಳದಲ್ಲಿ ಪುರಾಣ ಓದಿಸಲು ಚಪ್ಪರ ಹಾಕುತ್ತಿದ್ದರು. ಒಂದು ಸರ್ವೆ ಕಂಬ ಕಡಿಮೆ ಬಿತ್ತೆಂದು ಚಪ್ಪರದ ಗುಡ್ಡಪ್ಪ ಮೂಲೆಯಲ್ಲಿದ್ದ ಎಳೆಯ ಪೈನ್ ಮರಕ್ಕೆ ಕೊಡಲಿ ಹಾಕಿದ. ಲಾರಿ ಓಡಿಸುತ್ತಿದ್ದ ನನ್ನ ತಮ್ಮ ನಿಂಗರಾಜ್ ಹಿಮಾಚಲದಿಂದ ಡಬ್ಬಿಯಲ್ಲಿ ತಂದ ಸಸಿ ಅದು. ಅವನು ತೀರಿಕೊಂಡ ಮೇಲೆ ಅವನದೆಂದು ನನಗೆ ಉಳಿದದ್ದು ಅದೊಂದೇ.

"ಏಯ್, ಕೈ ತೆಗಿ!" ಎಂದು ಕಿರುಚಿದೆ. ಪುರಾಣಕ್ಕೆ ಕೂತರೆ ಹೂಂಗುಟ್ಟುವುದಷ್ಟೇ ಗೊತ್ತಿದ್ದ ನನ್ನ ದನಿಗೆ ಮೈದುನ ಮಾರುತಿ ಬೆಚ್ಚಿದ.

"ನಾನೇ ಕಡಿ ಅಂದಿದ್ದು ಅತ್ತಿಗೆ. ಒಂದು ಸರ್ವೆ ಗಿಡಕ್ಕೆ ಇಷ್ಟು ಸಿಟ್ಟಾ? ದೇವರ ಕೆಲಸ ಐತಲ್ಲ."

ಚಪ್ಪರಕ್ಕೆ ತಂದಿದ್ದ ಹಸಿ ಕಂಬದ ತುದಿಯಲ್ಲಿ ಉಳಿದಿದ್ದ ಸರ್ವೆಯ ಎಳೆಯೊಂದನ್ನು ಜಗ್ಗಿದೆ. ಅದು ಗೆಣ್ಣುಗೆಣ್ಣಾಗಿ ಬಿಟ್ಟುಕೊಂಡಿತು.

"ಸರ್ವೆ ಅಂದ್ರೆ ಇದು. ಈಗ ನನ್ನ ತಮ್ಮ ತಂದ ಗಿಡ ನೋಡು. ಮೂರು ಮೂರು ಸೂಜಿ ಒಂದೇ ಬುಡಕ್ಕೆ ಕೂಡ್ಯಾವು. ಎಲ್ಲೈತೆ ಗೆಣ್ಣು, ತೋರ್ಸು!"

ಮಾರುತಿ ಒಂದು ಸೂಜಿಯನ್ನು ಉದ್ದಕ್ಕೂ ಸವರಿದ. ಗೆಣ್ಣಿರಲಿಲ್ಲ. ಕೊಡಲಿಯ ಗಾಯದಿಂದ ಘಾಟು ವಾಸನೆಯ ಅಂಟು ಜಿನುಗತೊಡಗಿತ್ತು.

"ಒಂದೇ ಏಟು ಬಿದ್ದಿರೋದು, ಬದುಕ್ತೈತೆ ಬಿಡ್ರವ್ವ," ಎಂದ ಗುಡ್ಡಪ್ಪ.

"ಬದುಕ್ಲಿಲ್ಲಂದ್ರೆ? ಮಾರುತಿ, ನಿಮ್ಮಣ್ಣ ನೆಟ್ಟಿದ್ರೆ ಕಡಿಸ್ತಿದ್ಯಾ?"

ಅವನು ತಲೆ ತಗ್ಗಿಸಿದ. "ಚಪ್ಪರಕ್ಕೆ ಕಂಬ?"

"ಪಕ್ಕದೂರು ಬಾತಿಯಿಂದ ಗುಡ್ಡಪ್ಪ ತರ್ತಾನೆ. ಅಲ್ಲೀಗಂಟ ಆ ಮೂಲೆ ನೀನೇ ಹೊತ್ಕೊಂಡು ನಿಲ್ಲು!"

ಗುಡ್ಡಪ್ಪ ಹೋದ. ಮಾರುತಿ ಎರಡೂ ಕೈ ಎತ್ತಿ ಚಪ್ಪರದ ಮೂಲೆ ಹಿಡಿದು ನಿಂತ. ನಾನು ಸಗಣಿ, ಮಣ್ಣು ಕಲಸಿ ಗಾಯಕ್ಕೆ ಮೆತ್ತಿದೆ.