ದೇವರ ನಲ್ಲಿಯ ಬೀಗ

"ಏಯ್ ಮುಂಡೆ, ಎತ್ತೇ ಕೊಡ! ದೇವರ ನಲ್ಲಿ ನಿಮ್ಮಪ್ಪಂದಾ?"

ಪೂಜಾರಿ ಒದ್ದ ಏಟಿಗೆ ನನ್ನ ಹೆಂಡತಿಯ ಪ್ಲಾಸ್ಟಿಕ್ ಕೊಡ ಗುಡಿಯ ಮೆಟ್ಟಿಲುಗಳ ಮೇಲೆ ಉರುಳಿ ಮರಳಿಗೆ ಬಿತ್ತು.

"ಬೆಳಗಿಂದ ಬಾಯಿಗೆ ಹನಿ ನೀರಿಲ್ಲ ಸ್ವಾಮಿ," ಅಂದಳು ಅವಳು.

"ಎದುರಿಗೆ ಅಷ್ಟು ದೊಡ್ಡ ಸಮುದ್ರ ಇದೆಯಲ್ಲ. ಹೋಗಿ ಕುಡಿ."

ನಲ್ಲಿಗೆ ಸರಪಳಿ ಸುತ್ತಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ದಂಡೆಯಲ್ಲಿ ಸಿಹಿನೀರು ಬರುವುದು ಅದೊಂದರಲ್ಲೇ. ಹಳೇ ಗುಡಿ ನೋಡಲು ಬಂದವರು ಅದರಲ್ಲಿ ಕಾಲಿನ ಮರಳು ತೊಳೆಯಬಹುದು. ದೋಣಿಯಾಟದ ಕೂಲಿಗಳಾದ ನಾವು ಕುಡಿಯಬಾರದು.

ನಾನು ಮೋಟಾರು ದೋಣಿ ಓಡಿಸುತ್ತೇನೆ. ಹೆಂಡತಿಯದು ಜಾಕೆಟ್ ಒಣಗಿಸುವ ಕೆಲಸ. ನೀರಲ್ಲಿ ಮುಳುಗದಂತೆ ಗಿರಾಕಿಗಳು ತೊಡುವ ಜಾಕೆಟ್ಟುಗಳವು. ಒದ್ದೆ ಇದ್ದರೆ ಅವರಿಗೆ ಅಸಹ್ಯ. ಹಗ್ಗಕ್ಕೆ ಹಾಕಿದರೆ ತಡವಾಗುತ್ತದೆಂದು ದೋಣಿಗಳ ಧಣಿ ಒಂದು ಉಪಾಯ ಹೂಡಿದ. ಹೆಂಗಸರು ಅವನ್ನು ತೊಟ್ಟು ಬಿಸಿಲಲ್ಲಿ ಓಡಾಡಬೇಕು. ಹೊರಗೆ ಬಿಸಿಲು, ಒಳಗೆ ಮೈಕಾವು. ಇಸ್ತ್ರಿ ಹೊಡೆದಂತೆ ಒಣಗುತ್ತದೆ. ಇಸ್ತ್ರಿಪೆಟ್ಟಿಗೆಗೆ ಬಾಯಾರುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಧ್ಯಾಹ್ನ ಅವಳು ಕಣ್ಣು ಕತ್ತಲೆ ಬಂದು ಕುಸಿದಳು. ಧಣಿ ಓಡೋಡಿ ಬಂದ. ಅವಳನ್ನು ಎತ್ತಲಿಲ್ಲ, ಅವಳ ಮೈಮೇಲಿನ ಜಾಕೆಟ್ ಬಿಚ್ಚಿಕೊಂಡ. ಅತ್ತ ದೋಣಿಯ ಬಳಿ ಬಿಟ್ಟಿ ಸವಾರಿಗೆಂದು ಪೂಜಾರಿ ಬಂದು ನಿಂತಿದ್ದ. ಧಣಿ ಅದನ್ನು ಒಯ್ದು ಅವನಿಗೆ ತೊಡಿಸಿದ.

"ಹೋಗೋ, ಸ್ವಾಮಿಗಳನ್ನ ಒಂದು ಸುತ್ತು ಹಾಕಿಸ್ಕೊಂಡು ಬಾ."

ಅವಳನ್ನು ನೆರಳಿಗೆ ಮಲಗಿಸಿ ದೋಣಿ ಹತ್ತಿದೆ.

ದಂಡೆ ದೂರವಾದಂತೆ ಪೂಜಾರಿ ಕೈ ಅಗಲಿಸಿ ಕೂಗು ಹಾಕತೊಡಗಿದ.

"ಜಾಕೆಟ್ ಬೆಚ್ಚಗಿದೆ ಕಣೋ. ಏನು ಹಿತ!"

"ನನ್ನ ಹೆಂಡ್ತಿ ಮೈಕಾವು ಸ್ವಾಮಿ. ಈಗಷ್ಟೇ ಅವಳ ಮೈಮೇಲಿಂದ ಬಿಚ್ಚಿದ್ದು."

ಎಂಜಿನ್ ನಿಲ್ಲಿಸಿದೆ.

"ಥೂ! ಮೈಯೆಲ್ಲ ಹೊಲಸಾಯ್ತಲ್ಲೋ!"

"ಬಿಚ್ಚಿಬಿಡಿ ಹಾಗಾದ್ರೆ."

ಅವನ ಕೈ ಪಟ್ಟಿಗೆ ಹೋಯಿತು. ಅಷ್ಟರಲ್ಲಿ ಒಂದು ಅಲೆ ದೋಣಿಯನ್ನು ಎತ್ತಿ ಕುಕ್ಕಿತು. ಎರಡೂ ಕೈಯಲ್ಲಿ ಜಾಕೆಟ್ಟನ್ನು ಅವುಚಿಕೊಂಡ. ದೇವರನ್ನು ಅವನು ಅಷ್ಟು ಭಕ್ತಿಯಿಂದ ಎಂದೂ ತಬ್ಬಿಕೊಂಡಿರಲಾರ.

"ಜಾಕೆಟ್ ಇಟ್ಕೊಳ್ಳಿ. ನಲ್ಲಿ ಕೀಲಿ ಕೊಡಿ."

"ನಿನ್ನಂಥ ನಾಯಿಗಾ?" ಸೊಂಟದಿಂದ ಕೀಲಿ ಕಿತ್ತು ಸಮುದ್ರಕ್ಕೆ ಎಸೆದೇಬಿಟ್ಟ. "ಹೋಗು ಬೋಳಿಮಗನೇ, ಮುಳುಗಿ ಹುಡುಕು!"

ನಾನು ಮುಳುಗಲಿಲ್ಲ. ಎಂಜಿನ್ ಚಾಲೂ ಮಾಡಿ ದಂಡೆಯ ಹತ್ತಿರ ಬಂದೆ. ಎದೆಮಟ್ಟದ ನೀರಲ್ಲಿ ಎಂಜಿನ್ ಆರಿಸಿ, ಲಂಗರಿನ ಹಗ್ಗ ಕೊಯ್ದು, ಆ ಕಬ್ಬಿಣವನ್ನು ಹೆಗಲಿಗೇರಿಸಿ ಧುಮುಕಿದೆ. ಈಜು ಬಾರದ ಪೂಜಾರಿ ನೀರಿಗಿಳಿಯಲು ಹೆದರಿ ದೋಣಿಯಲ್ಲೇ ಕೂತ.

ಒದ್ದೆ ಕಾಲಲ್ಲೇ ಗುಡಿಯ ಮೆಟ್ಟಿಲು ಹತ್ತಿದೆ. ಯಾರೋ ಕೂಗಿದರು, ಯಾರೋ ಫೋಟೋ ತೆಗೆದರು. ಲಂಗರಿನಿಂದ ಬೀಗಕ್ಕೆ ಬಡಿದೆ. ಬೀಗ ಗಟ್ಟಿಯಿತ್ತು, ಸರಪಳಿಯೇ ಕಿತ್ತು ಬಂತು. ನಲ್ಲಿ ತಿರುಗಿಸಿದೆ.

ಜಾಕೆಟ್ ಒಣಗಿಸುವ ಹೆಂಗಸರು ನನ್ನ ಹೆಂಡತಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದರು. ಮೊದಲ ಬೊಗಸೆಯಲ್ಲಿ ಬಾಯಿಯ ಉಪ್ಪು ಮುಕ್ಕಳಿಸಿ ಅಂಗಳದ ನಡುವೆ ಉಗುಳಿದಳು.

ಕೆಳಗೆ ದಂಡೆಯಲ್ಲಿ ಧಣಿ ಎದೆ ಬಡಿದುಕೊಳ್ಳುತ್ತಿದ್ದ. ಲಂಗರಿಲ್ಲದ ದೋಣಿ ಇಳಿತದ ನೀರಿಗೆ ಸಿಕ್ಕಿ ಆಳಕ್ಕೆ ಸರಿಯುತ್ತಿತ್ತು. ಅದರೊಳಗಿಂದ ಪೂಜಾರಿ ಒಂದೊಂದೇ ದೇವರ ಹೆಸರು ಹಿಡಿದು ಅರಚುತ್ತಿದ್ದ.

"ಲೇ, ದೋಣಿ ಹೋಗ್ತಾ ಇದೆ! ಬಾರೋ! ಸ್ವಾಮಿಗಳನ್ನ ಕರ್ಕೊಂಡು ಬಾರೋ!"

"ತಾಳಿ ಧಣಿ," ನಾನು ಮೇಲಿಂದಲೇ ಕೂಗಿದೆ. "ಇವಳು ಕುಡೀತಾ ಇದಾಳೆ."

ಅವಳು ನಿಧಾನವಾಗಿ ಇನ್ನೊಂದು ಬೊಗಸೆ ಹಿಡಿದಳು. ಅವಳ ಹಿಂದೆ ಹೆಂಗಸರು ಕೊಡ ಹಿಡಿದು ಸಾಲು ನಿಂತರು.