ಗೋಡೆಯಿಲ್ಲದ ಬಾಗಿಲು

ನಾನು ಒಂದು ಎಣ್ಣೆಬಣ್ಣದ ಚಿತ್ರ. ಧಾರವಾಡದ ಒಂದು ಮನೆಯ ಪಡಸಾಲೆಯಲ್ಲಿ ಹುಟ್ಟಿದೆ. ಬರೆದವಳು ಮಂದಾಕಿನಿ, ಶಾಲೆಯ ಡ್ರಾಯಿಂಗ್ ಟೀಚರು. ನನ್ನೊಳಗೆ ಬತ್ತಿದ ಕೆರೆಯಿದೆ, ಮೇಲೆ ಹಸಿರು ಸೂರ್ಯ. ಕೆರೆಯ ನಡುವೆ ಗೋಡೆಯೇ ಇಲ್ಲದೆ ನಿಂತ ಒಂದು ಬಾಗಿಲು, ಅದರತ್ತ ಸಾಗಿದ ಬರಿಗಾಲಿನ ಗುರುತುಗಳು. ಮನುಷ್ಯರಿಲ್ಲ. ಅಡಿಯಲ್ಲಿ ಆಕೆ ಬರೆದ ಹೆಸರು ‘ಬರ್ತೇನಿ’.

ನಾನು ಹುಟ್ಟುವ ಹನ್ನೆರಡು ವರ್ಷ ಮೊದಲು ಅವಳ ಅಪ್ಪ ಅದೊಂದೇ ಮಾತು ಹೇಳಿ ಹೊಸ್ತಿಲು ದಾಟಿದವರು, ಮತ್ತೆ ಸುದ್ದಿಯಿಲ್ಲ. ನಮ್ಮ ಕಡೆ ಹೊರಟವರೂ ‘ಬರ್ತೇನಿ’ ಎಂದೇ ಅನ್ನಬೇಕು. ‘ಹೋಗ್ತೇನಿ’ ಅಂದರೆ ಅಪಶಕುನ. ಮಂದಾಕಿನಿ ಆ ಹೆಜ್ಜೆಗಳನ್ನು ಬಾಗಿಲಿನವರೆಗೆ ಮಾತ್ರ ಬರೆದಳು. ಅಪ್ಪ ಇನ್ನಿಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು. ಅದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ಪ್ರದರ್ಶನದಲ್ಲಿ ಒಬ್ಬ ಗಡ್ಡದ ಪ್ರಾಧ್ಯಾಪಕರು ನನ್ನೆದುರು ನಿಂತು ಅರ್ಧ ತಾಸು ಕೊರೆದರು. ಹಸಿರು ಸೂರ್ಯ ಅಂದರೆ ಕೊಳೆತ ಕಾಲವಂತೆ, ಬಾಗಿಲು ಅಂದರೆ ಸಾವಂತೆ. ಅಪ್ಪನ ತಮ್ಮ ಶ್ಯಾಮಕಾಕಾ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

ಮರುವಾರ ಕಾಕಾ ಪುರೋಹಿತರನ್ನು ಕರೆದುಕೊಂಡು ಮನೆಗೆ ಬಂದರು. ಸುದ್ದಿಯಿಲ್ಲದೆ ಹನ್ನೆರಡು ವರ್ಷ ತುಂಬಿತು, ಇನ್ನು ಸತ್ತವರ ಲೆಕ್ಕವೇ, ದೇಹದ ಬದಲು ದರ್ಭೆಯ ಗೊಂಬೆ ಸುಟ್ಟು ಅಣ್ಣನ ಕರ್ಮ ಮುಗಿಸಬೇಕು ಅಂದರು. ಹಾಗಾದರೆ ಮಂದಾಕಿನಿಯ ಅವ್ವ ಯಮುನಾಬಾಯಿಯ ಕುಂಕುಮ, ಬಳೆ ಅಂದಿಗೆ ಮುಗಿದವು. ಅವ್ವ ಒಪ್ಪಲಿಲ್ಲ. ಕಾಕಾ ಅತ್ತಿಗೆಗೆ ನನ್ನನ್ನು ಬೆರಳು ಮಾಡಿ ತೋರಿಸಿದರು.

“ವೈನೀ, ನಿಮ್ಮ ಮಗಳ ಬರದಾಳಲ್ಲ, ಅಣ್ಣಾ ಹೋದಾ ಅಂತ. ಆ ಬಾಗ್ಲಾ ಅಂದ್ರ ಸಾವಂತ. ಕಲ್ತವರು ಹೇಳ್ಯಾರ.”

“ಅದು ನಮ್ಮನಿ ಬಾಗ್ಲಾ,” ಅಂದರು ಅವ್ವ. “ಅವರು ಮನಿಗೆ ಬರ್ಲಿಕ್ಕತ್ತಾರ.”

“ಮಂದಾ, ಬರದಾಕಿ ನೀನು. ನೀನ ಹೇಳು.”

ಮಂದಾಕಿನಿ ನನ್ನನ್ನು ನೋಡಿದಳು, ಅವ್ವನ ಕೈಬಳೆ ನೋಡಿದಳು. ಅವಳು ನಿಜ ಹೇಳಿದರೆ ಆ ಬಳೆ ಒಡೆದ ಪಾಪ ನನಗೇ. ನಾನು ಹೆದರಿ ಹೋದೆ.

“ಬರ್ಲಿಕ್ಕತ್ತಾರ, ಕಾಕಾ,” ಅಂದಳು.

ಕಾಕಾ ಮುಖ ಗಂಟಿಕ್ಕಿಕೊಂಡು ಎದ್ದು ಹೋದರು. ಅವ್ವ ನನ್ನ ಹತ್ತಿರ ಬಂದು ಬಾಗಿಲಿನ ಮೇಲೆ ಬೆರಳಿಟ್ಟರು.

“ನಮ್ಮನಿ ಚಿಲಕಾ ಎಡಕ್ಕ ಅದ, ಇದರಾಗ ಬಲಕ್ಕ. ನನಗ ಗೊತ್ತದ, ಮಂದಾ. ಆದ್ರ ಅವರು ಹೋದ್ರು ಅಂತ ನನ್ನ ಮುಂದ ಎಂದೂ ಅನಬ್ಯಾಡ.”

ಮಂದಾಕಿನಿ ಅನ್ನಲಿಲ್ಲ, ಹತ್ತೊಂಬತ್ತು ವರ್ಷ. ಅವ್ವ ಬಳೆ ತೊಟ್ಟೇ ತೀರಿಕೊಂಡರು. ಅಂದು ಅವಳು ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಅವ್ವನಿಗೂ ಅಪ್ಪನಿಗೂ ಸೇರಿಸಿ ದನಿ ತೆಗೆದು ಅತ್ತಳು.

ಈಗ ನನ್ನ ಬಣ್ಣ ಬಿರುಕು ಬಿಟ್ಟಿದೆ, ಅರ್ಥ ಕೇಳುವವರೂ ಇಲ್ಲ. ನಾನು ಅವ್ವನ ಬಳೆ ಉಳಿಸಿದೆ, ನಿಜ. ಮಗಳಿಗೆ ಅಷ್ಟು ವರ್ಷ ಅಪ್ಪನಿಗಾಗಿ ಅಳಲು ಬಿಡಲಿಲ್ಲವಲ್ಲ ಎಂಬ ಸಂಕಟ ಮಾತ್ರ ಹೋಗಿಲ್ಲ.